ಆಂಟಿಆಕ್ಸಿಡೆಂಟ್ ಕಿಣ್ವಗಳು ಒಳ್ಳೆಯವು ಅಂತಾರೆ, ಮತ್ತೆ ಅವೇ ಮೆದುಳಿನ ಗೆಡ್ಡೆ ಬೆಳೆಯಲು ನೆರವಾಗುವುದು ಹೇಗೆ?

ಕಿಣ್ವಕ್ಕೆ ಒಳ್ಳೆಯ ಕೋಶ, ಕೆಟ್ಟ ಕೋಶ ಅನ್ನೋ ಭೇದ ಗೊತ್ತಿಲ್ಲ. ತಾನಿರುವ ಕೋಶವನ್ನು ಅದು ಕಾಯುತ್ತದೆ, ಅಷ್ಟೇ.

ಮೆದುಳು ದೇಹದ ತೂಕದಲ್ಲಿ ಸುಮಾರು 2% ಮಾತ್ರ. ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು 20% ಅದಕ್ಕೇ ಬೇಕು. ಇಷ್ಟು ಉರಿಯುವ ಒಲೆಯಲ್ಲಿ ಕಿಡಿ ಹಾರುವುದು ಸಹಜ ಅಲ್ವಾ? ಸೂಪರ್‌ಆಕ್ಸೈಡ್ ಅಂಥದ್ದೊಂದು ಕಿಡಿ, ಕೋಶಕ್ಕೆ ಹಾನಿ ಮಾಡಬಲ್ಲ ಆಮ್ಲಜನಕದ ಒಂದು ರೂಪ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಅದನ್ನು ಕ್ಯಾಟಲೇಸ್ ಮತ್ತು ಗ್ಲುಟಥಯೋನ್ ಪೆರಾಕ್ಸಿಡೇಸ್ ನೀರಾಗಿಸುತ್ತವೆ. ಇವೇ ಆಂಟಿಆಕ್ಸಿಡೆಂಟ್ ಕಿಣ್ವಗಳು.

ಗೆಡ್ಡೆಯ ಕೋಶಕ್ಕೆ ಸ್ವಲ್ಪ ಕಿಡಿ ಬೇಕೇ ಬೇಕು. ಸ್ವಲ್ಪ ಪೆರಾಕ್ಸೈಡ್ ಇದ್ದರೆ 'ಬೆಳೆ, ಒಡೆ' ಎನ್ನುವ ಸಂದೇಶ ಜೋರಾಗುತ್ತದೆ. ಜಾಸ್ತಿಯಾದರೆ ಕೋಶವೇ ಸಾಯುತ್ತದೆ. ಹಾಗಾಗಿ ಗ್ಲಿಯೋಬ್ಲಾಸ್ಟೋಮಾದಂಥ (ಮೆದುಳಿನ ಒಂದು ಉಗ್ರ ಕ್ಯಾನ್ಸರ್) ಗೆಡ್ಡೆಗಳು ಈ ಕಿಣ್ವಗಳನ್ನು ಹೆಚ್ಚಿಸಿಕೊಂಡು ಅಂಚಿನಲ್ಲೇ ಬದುಕುತ್ತವೆ. ನಿಜವಾದ ತೊಂದರೆ ಚಿಕಿತ್ಸೆಯಲ್ಲಿ. ವಿಕಿರಣ ಕೊಲ್ಲುವುದು ಬಹುಪಾಲು ಇದೇ ಕಿಡಿಗಳಿಂದ. ಅದನ್ನು ಆರಿಸುವ ಕಿಣ್ವ ಹೆಚ್ಚಿದ್ದರೆ ಗೆಡ್ಡೆ ಉಳಿದುಬಿಡುತ್ತದೆ.

ನನಗೆ ಕುತೂಹಲ ಅನ್ನಿಸುವುದು ಐಡಿಎಚ್1 ಜೀನ್. ಗ್ಲಿಯೋಬ್ಲಾಸ್ಟೋಮಾಗಳಲ್ಲಿ ಇದರ ರೂಪಾಂತರ ಮೊದಲು ವರದಿಯಾದದ್ದು 2008ರಲ್ಲಿ. ಈ ಜೀನ್ ಕೆಟ್ಟಾಗ, ಪೆರಾಕ್ಸಿಡೇಸ್ ಕಿಣ್ವ ಕಿಡಿ ಆರಿಸಲು ಬಳಸುವ ಗ್ಲುಟಥಯೋನನ್ನು ಮತ್ತೆ ಸಿದ್ಧಮಾಡಲು ಬೇಕಾದ ಎನ್‌ಎಡಿಪಿಎಚ್ ಎಂಬ ಅಣು ಕಡಿಮೆಯಾಗುತ್ತದೆ. ಅಂಥ ಗ್ಲಿಯೋಮಾ (ಗ್ಲಿಯೋಬ್ಲಾಸ್ಟೋಮಾ ಸೇರಿದ ಮೆದುಳಿನ ಗೆಡ್ಡೆಗಳ ಗುಂಪು) ಇರುವವರು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ಇದಕ್ಕೆ ಬೇರೆ ಕಾರಣಗಳೂ ಇವೆ, ಅದು ಬೇರೆ ಮಾತು.

ಅಂದಹಾಗೆ, ವಿಕಿರಣ ಚಿಕಿತ್ಸೆ ನಡೆಯುವಾಗ ಸುಮ್ನೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಬೇಡಿ. ವೈದ್ಯರನ್ನು ಕೇಳಿ.