ಬೇರೆ ಮನೆ ಮಾಡಿ ಅಂದರು, ನನ್ನವರು ಎದ್ದು ಹೋದರು

ಪ್ರಶ್ನೆ: ಮೇಡಂ, ನನಗೆ 31 ವರ್ಷ, ಹೈಸ್ಕೂಲ್ ಟೀಚರ್. ಅತ್ತೆ, ಮಾವ, ಮೈದುನ, ವಾರಗಿತ್ತಿ ಎಲ್ಲರೂ ಒಟ್ಟಿಗೇ ಇದ್ದೇವೆ. ನನ್ನ ಸಂಬಳ ಮಾವನ ಕೈಗೆ ಹೋಗುತ್ತದೆ. ಮಗಳನ್ನು ಯಾವ ಸ್ಕೂಲಿಗೆ ಸೇರಿಸಬೇಕು ಅನ್ನೋದನ್ನೂ ಅತ್ತೆಯೇ ತೀರ್ಮಾನಿಸಿದರು. ನನ್ನವರು ತುಟಿ ಬಿಚ್ಚುವುದಿಲ್ಲ. ಜಗಳ ಜಾಸ್ತಿಯಾಗಿ ಬೆಂಗಳೂರಿನ ಒಬ್ಬ ಕೌನ್ಸೆಲರ್ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡಿದೆವು. ಎರಡನೇ ಸಲವೇ ಅವರು 'ಬೇರೆ ಮನೆ ಮಾಡಿ' ಎಂದರು. 'ಇವರು ನಮ್ಮ ಮನೆ ಒಡೆಯೋಕೆ ಬಂದಿದ್ದಾರೆ' ಎಂದು ನನ್ನವರು ಎದ್ದು ಹೋದರು. ಕೌನ್ಸೆಲಿಂಗ್ ನಮ್ಮಂಥ ಮನೆಗಳಿಗೆ ಆಗಿಬರೋದಿಲ್ವಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಖಂಡಿತ ಆಗಿಬರುತ್ತದೆ. ಆದರೆ ಎರಡೇ ಭೇಟಿಗೆ ಆ ಸಲಹೆ ಕೊಟ್ಟದ್ದು ನನಗೆ ಸರಿ ಕಾಣಲಿಲ್ಲ. ನಿಮ್ಮವರ ಸಿಟ್ಟಿನಲ್ಲೂ ಅರ್ಥವಿದೆ.

ಕೌನ್ಸೆಲರ್ ಕೂಡ ಒಂದು ಮನೆಯಲ್ಲಿ ಬೆಳೆದವರೇ. ಅಪ್ಪ, ಅಮ್ಮ, ಮಕ್ಕಳು ಇಷ್ಟೇ ಇದ್ದ ಮನೆಯಿಂದ ಬಂದವರಿಗೆ 'ಸಂಬಳ ಮಾವನ ಕೈಗೆ' ಅಂದ ಕೂಡಲೇ ಉಸಿರು ಕಟ್ಟಬಹುದು. ನಾನು ಬೆಳೆದದ್ದು ಹಾವೇರಿ ಕಡೆಯ ಕೂಡುಕುಟುಂಬದಲ್ಲಿ. ಸೊಸೆಯೊಬ್ಬಳು 'ನನ್ನ ದುಡ್ಡು ನನ್ನ ಹತ್ತಿರವೇ ಇರಲಿ' ಅಂದರೆ ನನ್ನೊಳಗೆ ಮೊದಲು ಮಾತಾಡುವುದು ನನ್ನ ಅಜ್ಜಿ! ಅದಕ್ಕೇ ಇಂಥ ವಿಷಯಗಳನ್ನು, ಯಾರ ಮನೆ ಎಂದು ಹೇಳದೆ, ಹಿರಿಯ ಸಹೋದ್ಯೋಗಿಯೊಬ್ಬರ ಜೊತೆ ಚರ್ಚಿಸುತ್ತೇನೆ. ಈ ಕೆಲಸದಲ್ಲಿ ಇರುವವರೆಲ್ಲ ಹಾಗೆ ಮಾಡಲೇಬೇಕು.

ಮನೆಯವರನ್ನೂ ಸೇರಿಸಿಕೊಂಡು ಮಾಡುವ ಕೌನ್ಸೆಲಿಂಗ್‌ಗೆ ಕುಟುಂಬ ಚಿಕಿತ್ಸೆ ಅನ್ನುತ್ತಾರೆ. ಅದು ಮನೆ ಬೇರೆ ಮಾಡಿಸುವುದಲ್ಲ. ಅದನ್ನು ರೂಪಿಸಿದವರಲ್ಲಿ ದೊಡ್ಡ ಹೆಸರು ಸಾಲ್ವಡಾರ್ ಮಿನುಚಿನ್. ಅರ್ಜೆಂಟೀನಾದಲ್ಲಿ ಹುಟ್ಟಿ, 1960ರ ದಶಕದಲ್ಲಿ ನ್ಯೂಯಾರ್ಕಿನ ಬಡ ಕುಟುಂಬಗಳ ಜೊತೆ ಕೆಲಸ ಮಾಡಿದವರು. ಮನೆಯಲ್ಲಿ ಯಾರ್ಯಾರು ಇದ್ದಾರೆ ಅನ್ನೋದಕ್ಕಿಂತ, ಯಾರ ಜವಾಬ್ದಾರಿ ಎಲ್ಲಿಯವರೆಗೆ ಅನ್ನೋದು ಸ್ಪಷ್ಟವಾಗಿರಬೇಕು ಎಂಬುದು ಅವರ ನಿಲುವು. ಅಜ್ಜಿ ಇರುವ ಮನೆಗೂ ಅವರು ಇದನ್ನೇ ಹೇಳಿದರು. ನಿಮ್ಮ ಮನೆಗೆ ಇದು ಸರಿಯಾಗಿ ಹೊಂದುತ್ತದೆ. ಅತ್ತೆ ಮೊಮ್ಮಗಳಿಗೆ ಊಟ ಮಾಡಿಸಲಿ, ಕಥೆ ಹೇಳಲಿ. ಸ್ಕೂಲು ಯಾವುದು ಅನ್ನೋದು ಮಾತ್ರ ಅಪ್ಪ ಅಮ್ಮನ ತೀರ್ಮಾನವಾಗಬೇಕು.

ಚಿಕಿತ್ಸೆಯಲ್ಲಿ ಮನೆಯವರನ್ನೂ ಸೇರಿಸಿಕೊಳ್ಳುವುದು ನಮ್ಮಲ್ಲೂ ಹೊಸದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಒಂದು ಕೇಂದ್ರವಿದೆ.

ಮತ್ತೆ ಅವರ ಹತ್ತಿರವೇ ಹೋದರೂ ಸರಿ, ಬೇರೆಯವರಾದರೂ ಸರಿ, ಮೊದಲೇ ಹೇಳಿಬಿಡಿ: 'ನಾವು ಮನೆ ಬಿಡೋದಿಲ್ಲ. ಇದರೊಳಗೇ ಏನು ಬದಲಾಗಬಹುದು?' ಒಳ್ಳೆಯ ಕೌನ್ಸೆಲರ್ ನಿಮ್ಮ ಮನೆಯ ಮೂರು ತಲೆಮಾರಿನವರು ಯಾರ್ಯಾರು, ಯಾರಿಗೆ ಯಾರು ಹತ್ತಿರ ಅಂತ ಒಂದು ನಕ್ಷೆ ಬರೆಯುತ್ತಾರೆ. ಬೀರುವಿನ ಕೀಲಿ ಯಾರ ಹತ್ತಿರ, ಮಾವನಿಗೆ ಸಾಲ ಇದೆಯಾ, ನಿಮ್ಮತ್ತೆ ಸೊಸೆಯಾಗಿ ಬಂದಾಗ ಹೇಗಿತ್ತು ಅಂತೆಲ್ಲ ಕೇಳುತ್ತಾರೆ. ನಿಮ್ಮವರು ಸುಮ್ನೆ ಇರೋದಕ್ಕೂ ಕಾರಣ ಅಲ್ಲೇ ಸಿಗಬಹುದು. ಅತ್ತೆ ಮಾವನನ್ನು ಶುರುವಿಗೇ ಕರೆಯೋದು ಬೇಡ. ಮೊದಲು ನೀವಿಬ್ಬರೂ ಒಂದು ಮಾತಿಗೆ ಬನ್ನಿ. ಸಂಬಳದಲ್ಲಿ ಇಷ್ಟು ಮನೆಗೆ, ಇಷ್ಟು ಮಗಳ ಹೆಸರಿಗೆ ಅಂತ. ಅದನ್ನು ನಿಮ್ಮ ಮಾವನಿಗೆ ಹೇಳಬೇಕಾದವರು ಅವರ ಮಗ, ನೀವಲ್ಲ.

ನೀವು ಬರೆದಿಲ್ಲ, ಆದರೂ ಹೇಳದೆ ಇರಲಾರೆ. ಹೊಡೆತ, ಬೆದರಿಕೆ ಇರುವ ಮನೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡೋದು ಅಪಾಯ. ಅಲ್ಲಿ ಹೆಣ್ಣುಮಗಳು ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು. ಮಹಿಳಾ ಸಹಾಯವಾಣಿಯ ನಂಬರ್ 181.

ಪ್ರಶ್ನೆ: 23 ವರ್ಷದ ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಾಳೆ. ನಮ್ಮ ಜನದ ಕೌನ್ಸೆಲರ್ ಆದರೆ ನಮ್ಮ ಕಷ್ಟ ಅರ್ಥವಾಗುತ್ತೆ ಅಲ್ವಾ?
– ಒಬ್ಬ ತಂದೆ, ಮಂಡ್ಯ

ಉತ್ತರ: ನಿಮ್ಮ ಕಷ್ಟ ಅರ್ಥವಾಗಬಹುದು, ಮಗಳದ್ದು? ನಾಳೆ ನೆಂಟರ ಮದುವೆಯಲ್ಲಿ ಎದುರಾಗುವವರ ಮುಂದೆ ಆಕೆ ಮನಸ್ಸು ಬಿಚ್ಚಲಾರಳು. ಬುದ್ಧಿ ಹೇಳಿಸೋಕೆ ಅಂತ ದಯವಿಟ್ಟು ಕೌನ್ಸೆಲರ್ ಹುಡುಕಬೇಡಿ. ಆರಿಸುವಾಗ ಆಕೆಯನ್ನೂ ಕೇಳಿ. ಅದಕ್ಕೂ ಮೊದಲು ನೀವೊಬ್ಬರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ಗೆ, 14416ಕ್ಕೆ, ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಿಮ್ಮ ಭಯ ಜಾತಿಯದ್ದೋ, ನೆಂಟರ ಮಾತಿನದ್ದೋ, ಮಗಳು ದೂರವಾಗುತ್ತಾಳೆ ಅನ್ನೋದೋ, ಅದನ್ನು ಅಲ್ಲಿ ಹೇಳಿಕೊಳ್ಳಿ. ಮದುವೆಯ ತೀರ್ಮಾನ ಕಾನೂನಿನ ಪ್ರಕಾರವೂ ಆಕೆಯದ್ದೇ.