ಜೈಲು ಕಟ್ಟಡದ ಗುತ್ತಿಗೆ: ಎಸ್ಟಿಮೇಟ್ ಮೀರಿದ ಕೆಲಸಕ್ಕೆ ದುಡ್ಡು ಬರುತ್ತಾ?

ಪಾಯ ಎಸ್ಟಿಮೇಟಿಗಿಂತ ಆಳ ಹೋಗುತ್ತಿದೆ, ಇಂಜಿನಿಯರ್ "ಮಾಡಿ, ಆಮೇಲೆ ನೋಡೋಣ" ಅನ್ನುತ್ತಾರೆ, ಸಾಲ ಮಾಡಿ ಮುಂದುವರಿಸಲೋ ನಿಲ್ಲಿಸಲೋ ಅಂತ ಕೇಳಿದ್ದೀರಿ. ಆ "ಆಮೇಲೆ"ಗೆ ನಾನು ಒಂಬತ್ತು ವರ್ಷದಿಂದ ಕಾಯುತ್ತಿದ್ದೇನೆ.

ನಮ್ಮದು ಕಡೂರು ಕಡೆ. ಜೈಲಿನ ಕಾಂಪೌಂಡ್ ಗೋಡೆ, 140 ಮೀಟರ್. ಎಸ್ಟಿಮೇಟಿಗಿಂತ 14 ಪರ್ಸೆಂಟ್ ಕಡಿಮೆಗೆ ಟೆಂಡರ್ ಹಾಕಿ ಹಿಡಿದಿದ್ದೆ, ಮೊದಲ ದೊಡ್ಡ ಕೆಲಸ ಅನ್ನೋ ಹುಮ್ಮಸ್ಸು. ಎಸ್ಟಿಮೇಟಿನಲ್ಲಿ ಪಾಯ ನಾಲ್ಕೂವರೆ ಅಡಿ. ಅಗೆದರೆ ಎಂಟು ಅಡಿವರೆಗೂ ಕರಿ ಎರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಜೈಲಿನ ಎತ್ತರದ ಗೋಡೆಯನ್ನು ಅದರ ಮೇಲೆ ಕೂರಿಸಿದರೆ ಸೀಳದೆ ಇರುತ್ತಾ? ಎಸ್ಟಿಮೇಟ್ ಬರೆದವರು ಒಂದು ಗುಂಡಿ ತೆಗೆಸಿ ಮಣ್ಣು ನೋಡಿರಲಿಲ್ಲ. ನಮ್ಮ ಇಂಜಿನಿಯರ್ ಸಾಹೇಬರು ಒಳ್ಳೆಯವರೇ. "ಗಟ್ಟಿ ನೆಲ ಸಿಗೋವರೆಗೂ ಹೋಗಿ, ಎಕ್ಸ್‌ಟ್ರಾ ಐಟಂ ಹಾಕೋಣ" ಅಂದರು, ಅಂದರೆ ಹೆಚ್ಚುವರಿ ಕೆಲಸ ಅಂತ ಬಿಲ್ಲಿಗೆ ಸೇರಿಸೋಣ ಅಂತ. ಹೋದೆ.

ಬಾಯಿಮಾತು ನಂಬಿದ್ದೇ ತಪ್ಪು ಅನ್ನುತ್ತಾರೆ ಎಲ್ಲರೂ. ನಂಬಿದ್ದರೂ ಬಚಾವಾಗುತ್ತಿದ್ದೆ, ಎಂಬಿ, ಅಂದರೆ ಅಳತೆ ಪುಸ್ತಕ, ಬರೆಸುವ ಮೊದಲೇ ಮಣ್ಣು ಮುಚ್ಚದೇ ಇದ್ದಿದ್ದರೆ. ಸರ್ಕಾರಿ ಕೆಲಸದಲ್ಲಿ ಬಿಲ್ ಆಗುವುದು ಆ ಪುಸ್ತಕದಲ್ಲಿ ಬರೆದಷ್ಟಕ್ಕೆ ಮಾತ್ರ. ಗೋಡೆಗಾದರೆ ಯಾವತ್ತು ಬೇಕಾದರೂ ಟೇಪು ಹಿಡಿಯಬಹುದು. ಪಾಯ ಹಾಗಲ್ಲ. ತೆರೆದಿರುವ ನಾಲ್ಕೈದು ದಿನದಲ್ಲೇ ಅಳತೆ ಆಗಬೇಕು, ಸಹಿ ಬೀಳಬೇಕು. ಮುಚ್ಚುವ ಮೊದಲು ನೋಟಿಸ್ ಕೊಡಬೇಕು ಅಂತ ಅಗ್ರಿಮೆಂಟಲ್ಲೇ ಇತ್ತು, ಯಾರು ಓದಿದ್ದರು! ಅವತ್ತು ಜೂನ್ ಮೋಡ. ಜೆಸಿಬಿ ಬಾಡಿಗೆ ಏರುತ್ತಿತ್ತು. ಸಾಹೇಬರು ಸೋಮವಾರ ಬರುತ್ತೇನೆ ಅಂದಿದ್ದರು, ನಾನು ಶನಿವಾರವೇ ಮುಚ್ಚಿಸಿದೆ. ಒಂದು ಫೋಟೋ ಕೂಡ ಇಲ್ಲ. ತಿಂಗಳೊಳಗೆ ಅವರಿಗೆ ವರ್ಗಾವಣೆ. ಹೊಸಬರು "ನೆಲದೊಳಗೆ ಇರೋದನ್ನ ನಾನು ಹೇಗ್ರೀ ಅಳೀಲಿ?" ಅಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಸುಮಾರು 11 ಲಕ್ಷ ಮಣ್ಣಲ್ಲೇ ಉಳಿಯಿತು.

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಕೈ ಖಾಲಿಯಾದ ಮೇಲೆ ಕೊನೆಯ 18 ಮೀಟರನ್ನು ಎಸ್ಟಿಮೇಟಿನ ಆಳಕ್ಕೇ ನಿಲ್ಲಿಸಿದೆ. ಮುಂದಿನ ಏಪ್ರಿಲ್‌ಗೆ ಸರಿಯಾಗಿ ಅಷ್ಟೇ ಗೋಡೆ ಬಿರಿಯಿತು. "ಕಳಪೆ ಕಾಮಗಾರಿ" ಅಂತ ಪೇಪರಲ್ಲಿ ಬಂತು. ಡಿಫೆಕ್ಟ್ ಲಯಬಿಲಿಟಿ, ಅಂದರೆ ದೋಷ ಬಂದರೆ ಗುತ್ತಿಗೆದಾರನೇ ಸರಿಮಾಡಿಕೊಡಬೇಕಾದ ಅವಧಿ, ಇನ್ನೂ ಇತ್ತು, ಸ್ವಂತ ದುಡ್ಡಲ್ಲಿ ಕೆಡವಿ ಕಟ್ಟಿಕೊಟ್ಟೆ. ಆಗ ಆಳ ಅಳೆಯಲು ಟೇಪು ಹಿಡಿದು ಮೂರು ಜನ ಬಂದಿದ್ದರು ನೋಡಿ.

ಸಾಲದ ವಿಚಾರ ಈಗ ಬಿಡಿ, ಅದು ಪ್ರಶ್ನೆಯೇ ಅಲ್ಲ. ನಿಮ್ಮ ಗುಂಡಿ ಇನ್ನೂ ತೆರೆದಿದೆ ಅಂದಿದ್ದೀರಿ, ಅಲ್ವಾ? ನಾಳೆಯೇ ಇಂಜಿನಿಯರ್‌ಗೆ ಪತ್ರ ಬರೆದು ಅವರ ಕಚೇರಿಯ ಟಪಾಲಿಗೆ ಕೊಡಿ, ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಮೇಲಿನವರಿಗೂ ಒಂದು ಪ್ರತಿ ಹೋಗಲಿ, ಹೆಚ್ಚುವರಿ ಮಂಜೂರಾತಿ ಸೈಟಿಗೆ ಬರುವ ಇಂಜಿನಿಯರ್ ಕೈಯಲ್ಲಿ ಇರುವುದಿಲ್ಲ. ಅಳತೆ ಕೋಲು ನಿಲ್ಲಿಸಿ ಫೋಟೋ ತೆಗೆಯಿರಿ. ಎಂಬಿ ಆಗೋವರೆಗೆ ಒಂದು ಬುಟ್ಟಿ ಮಣ್ಣೂ ಹಾಕಬೇಡಿ. ಇಂಜಿನಿಯರ್ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಮಳೆ ಬಂದು ಗುಂಡಿ ತುಂಬಿದರೆ ಪಂಪ್ ಬಾಡಿಗೆ ಕೊಟ್ಟು ನೀರು ಎತ್ತಿಸಿ. ಎಷ್ಟು ದಿನ ಎತ್ತಿಸಿದರೆ 11 ಲಕ್ಷ ಆಗುತ್ತೆ, ನೀವೇ ಲೆಕ್ಕ ಹಾಕಿ.