ಎರಡು ನಿಮಿಷದ ಗೋಧಿ, ಐದು ತಿಂಗಳ ತೊಗರಿ

ಆಳಂದ ತಾಲೂಕಿನ ಹಿರಿಯ ಓದುಗರೊಬ್ಬರು ಕಳೆದ ಸಂಚಿಕೆಯ ಮಕ್ಕಳ ಪುಟ ಓದಿ ಸಿಟ್ಟಿಗೆದ್ದು ನಾಲ್ಕು ಪುಟ ಬರೆದಿದ್ದಾರೆ. ಮೊಬೈಲಿನ ಹೊಲದ ಆಟದ ಬಗ್ಗೆ ಶಾಲೆಯ ಹುಡುಗಿಯೊಬ್ಬಳು ಬರೆದ ಪುಟ್ಟ ಲೇಖನ ಅದು. ಪತ್ರದ ಮುಖ್ಯ ಭಾಗ ಇಷ್ಟು:

“ಕಲಬುರಗಿಯಲ್ಲಿ ಪಿಯುಸಿ ಓದುವ ಮೊಮ್ಮಗ ದಸರೆಗೆ ಊರಿಗೆ ಬಂದಿದ್ದ. ಜೋಳ ಬಿತ್ತಲಿಕ್ಕೆ ಹೋಗೋಣ ಬಾ ಎಂದೆ. ಮೊಬೈಲಿನಿಂದ ಕಣ್ಣು ತೆಗೆಯದೆ ‘ನಂದೂ ರಾಶಿ ಅದ ಮುತ್ಯಾ, ಐದು ನಿಮಿಷ ತಡಿ’ ಅಂದ. ಒಕ್ಕಲುತನ ಹುಡುಗಾಟವೇನು? ದುಡಿದವನಿಗೆ ಭೂಮಿ ಎಂದೂ ಮೋಸ ಮಾಡಿಲ್ಲ. ಕಳಕೊಂಡವರು ಮೈಗಳ್ಳರು, ಅಷ್ಟೇ. ಇದನ್ನು ಕಲಿಸುವುದು ಬಿಟ್ಟು ಇಂಥವನ್ನು ಯಾಕೆ ಅಚ್ಚು ಹಾಕುತ್ತೀರಿ?”

ಹಿರಿಯರೇ, ಶರಣು.

ಮೊದಲು ನಿಮ್ಮ ಮೊಮ್ಮಗನ ಪರವಾಗಿ ಒಂದು ಮಾತು. ಅವನು ಸುಳ್ಳು ಹೇಳಿಲ್ಲ. ‘ಹೇ ಡೇ’ ಎಂಬ ಆ ಆಟದಲ್ಲಿ ಗೋಂಜಾಳ, ಅಂದರೆ ಮೆಕ್ಕೆಜೋಳ, ನಿಜಕ್ಕೂ ಐದೇ ನಿಮಿಷಕ್ಕೆ ರಾಶಿಗೆ ಬರುತ್ತದೆ. ಗೋಧಿಗೆ ಎರಡೇ ನಿಮಿಷ ಸಾಕು. ನಿಮ್ಮ ಪತ್ರ ಬಂದ ಮೇಲೆ ಅಣ್ಣನ ಮಗಳ ಮೊಬೈಲ್ ಇಸಿದುಕೊಂಡು ನಾನೂ ಒಂದು ಸಂಜೆ ಕೂತೆ. ಬೆರಳಿನಿಂದ ಮಡಿಗಳ ಮೇಲೆ ಗೀಚಿದರೆ ಬಿತ್ತನೆ, ಇನ್ನೊಮ್ಮೆ ಗೀಚಿದರೆ ಕೊಯ್ಲು. ಚಹಾ ಆರುವುದರೊಳಗೆ ನಾಲ್ಕು ಹಂಗಾಮು ಮುಗಿಸಿದೆ. ನಮ್ಮ ಕಡೆ ಹೆಚ್ಚಾಗಿ ಬಿತ್ತುವ ಟಿಎಸ್-3ಆರ್ ತಳಿಯ ತೊಗರಿಗೆ ಹೆಚ್ಚುಕಡಿಮೆ 150 ದಿನ ಬೇಕು. ಅಷ್ಟರಲ್ಲಿ ಆ ಗೋಧಿಯನ್ನು 1,08,000 ಸಲ ಬೆಳೆಯಬಹುದು. ಲೆಕ್ಕ ಹಾಕಿ ನಾನೇ ನಕ್ಕೆ.

ಆದರೆ ಈ ಅವಸರದ ಬಗ್ಗೆ ನನಗೆ ತಕರಾರಿಲ್ಲ. ಆಟವೆಂದ ಮೇಲೆ ಅವಸರ ಇದ್ದದ್ದೇ. ನಾವು ಸಣ್ಣವರಿದ್ದಾಗ ಮಣ್ಣಿನ ಎತ್ತು ಮಾಡಿ, ಕಡ್ಡಿಯ ಕೂರಿಗೆ ಕಟ್ಟಿ, ಅಂಗಳದಲ್ಲಿ ಬಿತ್ತಿ ಅಲ್ಲೇ ರಾಶಿ ಮಾಡುತ್ತಿರಲಿಲ್ಲವೇ? ಅದಕ್ಕೆ ಎರಡು ನಿಮಿಷವೂ ಹಿಡಿಯುತ್ತಿರಲಿಲ್ಲ.

ಆಟ ನಿಜವಾದ ಭೂಮಿಗಿಂತ ಜಿಪುಣ ಎಂಬುದೂ ನಿಮಗೆ ತಿಳಿದಿರಲಿ. ಅಲ್ಲಿ ಒಂದು ಬಿತ್ತಿದರೆ ಬರುವುದು ಎರಡೇ. ನಾವು ಎಕರೆಗೆ ಐದು ಕಿಲೋ ತೊಗರಿ ಬೀಜ ಹಾಕಿ, ದೇವರು ಕಣ್ಣು ತೆರೆದ ವರ್ಷ ಐದು ಕ್ವಿಂಟಲ್ ಎತ್ತುತ್ತೇವೆ, ಅಂದರೆ ಒಂದಕ್ಕೆ ನೂರು. ಆಟ ಕಟ್ಟಿದವರಿಗೆ ಇಷ್ಟು ಧಾರಾಳ ತೋರಿಸುವ ಧೈರ್ಯವಿಲ್ಲ. ಆದರೆ ಆ ಎರಡು ಮಾತ್ರ ತಪ್ಪದೆ ಬರುತ್ತವೆ. ಮಳೆ ಕೈಕೊಡುವುದಿಲ್ಲ, ಹುಳ ಬೀಳುವುದಿಲ್ಲ, ಚಿಗರಿ ಹಿಂಡು ನುಗ್ಗುವುದಿಲ್ಲ. ಕೊಯ್ಯುವುದನ್ನು ಮರೆತು ವಾರ ಬಿಟ್ಟು ಬಂದರೂ ಪೈರು ಹಾಗೇ ನಿಂತಿರುತ್ತದೆ.

ಇದಕ್ಕೂ ಮುಂಚೆ, 2009ರಲ್ಲಿ, ಫೇಸ್‌ಬುಕ್ಕಿನಲ್ಲಿ ‘ಫಾರ್ಮ್‌ವಿಲ್’ ಬಂದಿತ್ತು. ಮರುವರ್ಷದ ಹೊತ್ತಿಗೆ ತಿಂಗಳಿಗೆ ಎಂಟು ಕೋಟಿ ಜನ ಅದನ್ನು ಆಡುತ್ತಿದ್ದರು. 2020ರ ಕೊನೆಯ ದಿನ ಅದು ಮುಚ್ಚಿತು. ಅದರಲ್ಲಿ ಬೆಳೆ ಒಣಗುತ್ತಿತ್ತು, ಆದರೆ ಒಂದೇ ಕಾರಣಕ್ಕೆ: ಆಡುವವನು ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ. ಸ್ಟ್ರಾಬೆರಿ ನಾಲ್ಕು ತಾಸಿಗೆ ಬರುತ್ತಿತ್ತು. ಅದಕ್ಕಾಗಿ ನಡುರಾತ್ರಿ ಅಲಾರಾಂ ಇಟ್ಟು ಏಳುತ್ತಿದ್ದ ಗೆಳೆಯ ನನಗೂ ಒಬ್ಬನಿದ್ದ. ಅವನ ಮನೆಯ ತುಳಸಿಗೆ ನೀರು ಹಾಕುತ್ತಿದ್ದವರು ಮಾತ್ರ ಅವನ ತಾಯಿ.

ನನ್ನ ತಕರಾರು ಇಲ್ಲಿದೆ. ಈ ಆಟಗಳಲ್ಲಿ ಬೆಳೆ ಹೋದರೆ ಅದು ಆಡುವವನ ತಪ್ಪು. ಎಚ್ಚರ ಇದ್ದವನಿಗೆ ನಷ್ಟವೇ ಇಲ್ಲ. ನಿಮ್ಮ ಪತ್ರದ ಸಾಲು ಇನ್ನೊಮ್ಮೆ ಓದಿಕೊಳ್ಳಿ: “ಕಳಕೊಂಡವರು ಮೈಗಳ್ಳರು.” ಹಿರಿಯರೇ, ಬೇಸರ ಮಾಡಿಕೊಳ್ಳಬೇಡಿ. ಇದು ಹೊಲದ ಮಾತಲ್ಲ, ಆ ಆಟದ ಮಾತು. ನೀವು ಮೊಬೈಲ್ ಮುಟ್ಟದೆಯೇ ಅದನ್ನು ಆಡುತ್ತಿದ್ದೀರಿ.

2022ನೆಯ ವರ್ಷ ನೆನಪಿದೆಯಲ್ಲ? ಮಳೆಗಾಲದಲ್ಲಿ ಬೇಡವೆಂದರೂ ಬಿಡದ ಮಳೆ, ಆಮೇಲೆ ಗಿಡ ಒಣಗಿಸುವ ನೆಟೆ ರೋಗ. ಸೇಡಂ ಕಡೆಯ ನಮ್ಮ ಹೊಲವನ್ನು ಅಣ್ಣ ನೋಡಿಕೊಳ್ಳುತ್ತಾನೆ. ಎರಡು ಸಲ ಎಡೆ ಹೊಡೆದಿದ್ದ, ಐವತ್ತು ದಿನದೊಳಗೆ ಆಳು ಹಚ್ಚಿ ಕುಡಿ ಚಿವುಟಿಸಿದ್ದ, ಹುಳಕ್ಕೆ ಹೊತ್ತಿಗೆ ಸರಿಯಾಗಿ ಎಣ್ಣೆ ಹೊಡೆದಿದ್ದ. ಎದೆಮಟ್ಟದ ಬೆಳೆ, ಹೂವಿನಿಂದ ಹಳದಿಯಾಗಿತ್ತು. ಕಾಯಿ ಕಟ್ಟುವ ಹೊತ್ತಿಗೆ ಫೋನ್ ಬಂತು: “ಗಿಡ ಒಣಗಲಕತ್ಯಾವ, ಬಂದು ನೋಡು.”

ಹೋದೆ. ಒಂದು ಗಿಡ ಹಸಿರಾಗಿದ್ದರೆ ಪಕ್ಕದ್ದು ಪೂರ್ತಿ ಬಾಡಿ ನಿಂತಿದೆ, ಎಲೆ ಕಾಯಿ ಸಮೇತ. ಅಣ್ಣ ಅಂಥದೊಂದನ್ನು ಕಿತ್ತು ಬುಡದ ಸಿಪ್ಪೆಯನ್ನು ಉಗುರಿನಿಂದ ಸುಲಿದ. ಒಳಗಿನ ಬಿಳಿ ಕಟ್ಟಿಗೆಯ ಮೇಲೆ ಪೆನ್ಸಿಲಿನಿಂದ ಎಳೆದಂತೆ ಕಪ್ಪು ಗೆರೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ, ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಎರೆ ಮಣ್ಣಲ್ಲಿ ತೇವ ಇದ್ದರೂ ಗಿಡ ನೀರಡಿಸಿ ಸಾಯುತ್ತದೆ. ಅಣ್ಣ ಆ ಗಿಡವನ್ನು ಬದುವಿಗೆ ಒಗೆದು ಕೈ ಒರೆಸಿಕೊಂಡ. ಅವನನ್ನು ಮೈಗಳ್ಳ ಎನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

ಹಾಗೆಂದು ನಮ್ಮ ಕೈಯೇ ಇಲ್ಲ ಎಂದರೂ ಸುಳ್ಳಾದೀತು. ಆ ರೋಗದ ಬೀಜ ಹಳೆಯ ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ತೊಗರಿಯ ಮೇಲೆ ತೊಗರಿ ಬಿತ್ತದೆ ನಡುವೆ ಜೋಳ ಹಾಕಿರಿ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಆದರೆ ಜೋಳ ಕೀಳುವ ಆಳು ಎಲ್ಲಿ? ಕೈಗೆ ರೊಕ್ಕ ಕೊಡುವ ಬೆಳೆ ತೊಗರಿಯೇ. ಅಣ್ಣ ಮೂರು ವರ್ಷ ಒಂದೇ ಹೊಲದಲ್ಲಿ ತೊಗರಿ ಬಿತ್ತಿದ್ದು ಸೋಮಾರಿತನದಿಂದಲ್ಲ, ಬ್ಯಾಂಕಿನ ಕಂತಿನಿಂದ.

ಇನ್ನು ದರ. ಆಟದ ಆ ಹೊಲದ ಮುಂದೆ ದಾರಿಬದಿ ಅಂಗಡಿಯೊಂದಿದೆ. ಮಾಲು ಇಟ್ಟು, ಒಂದು ಮಿತಿಯೊಳಗೆ, ದರವನ್ನು ಬೆಳೆದವನೇ ಬರೆಯುತ್ತಾನೆ! ಅಣ್ಣನಿಗೆ ಇದನ್ನು ತೋರಿಸಿದಾಗ ಅವನು ಮೊದಲ ಸಲ ಮೊಬೈಲನ್ನು ಕೈಗೆ ತೆಗೆದುಕೊಂಡು ನೋಡಿದ. “ಇದೊಂದು ನಮ್ಮ ಗಂಜ್ ಮಾರುಕಟ್ಟೆಗೂ ಬರಲಿ” ಅಂದ.

ಗಂಜಿನ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಚೀಲ ಸುರಿದು ಸರದಿಗಾಗಿ ಕಾಯುವವರು ನಾವು, ದರ ಕೂಗುವವರು ಇನ್ನೊಬ್ಬರು. 2024ರ ಆರಂಭದಲ್ಲಿ ಕ್ವಿಂಟಲಿಗೆ ಹತ್ತು ಸಾವಿರದ ಸುತ್ತ ಇದ್ದ ತೊಗರಿ, ಮರುವರ್ಷದ ರಾಶಿಯ ಹೊತ್ತಿಗೆ ಬೆಂಬಲ ಬೆಲೆ 7,550ರ ಆಸುಪಾಸಿಗೆ ಬಂದು ಕೂತಿತು. ಆ ವರ್ಷ ನಾವು ಕಡಿಮೆ ದುಡಿದೆವೇ? ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ಸುಂಕವಿಲ್ಲದೆ ಬಂದ ತೊಗರಿಗೂ ನಮ್ಮ ಕಳೆ ತೆಗೆಯುವಿಕೆಗೂ ಸಂಬಂಧವೇನು? ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. ಆದರೆ ಚೀಲ ಕಟ್ಟುವವನ ಕೈಗೆ ದರ ಬರೆಯುವ ಸೀಸದಕಡ್ಡಿ ಇನ್ನೂ ಸಿಕ್ಕಿಲ್ಲ.

ಹಾಗಾಗಿ ಆ ಹುಡುಗಿಯ ಲೇಖನ ಹಾಕಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಅವಳು ಬರೆದದ್ದರಲ್ಲಿ ಒಂದು ಸಾಲು ನಿಮ್ಮ ಕಣ್ಣು ತಪ್ಪಿದೆ: ಆಟದಲ್ಲಿ ತೊಗರಿಯೇ ಇಲ್ಲ ಯಾಕೆ ಎಂದು ಕೇಳಿದ್ದಾಳೆ. ಕೇಳುವಷ್ಟು ನೆನಪಾದರೂ ಅವಳಿಗೆ ಉಳಿದಿದೆಯಲ್ಲ. ನಿಮ್ಮ ಮೊಮ್ಮಗ ಹೊಲಕ್ಕೆ ಬರಲಿಲ್ಲವೆಂಬ ನೋವು ನನಗೂ ತಿಳಿಯುತ್ತದೆ. ಆದರೆ ಒಂದು ಅನುಮಾನ. ನಷ್ಟವಾದ ವರ್ಷ ಅವನ ಮುಂದೆ ನೀವು ಬಾಯಿ ಬಿಟ್ಟಿದ್ದೀರಾ? ಇಲ್ಲ, ನಮ್ಮ ಅಪ್ಪನಂತೆ ಗಂಜಿನ ಮಾರಾಟದ ಪಟ್ಟಿಯನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡಿರಾ?

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಅವನು ಬಂದೇ ಬರುತ್ತಾನೆ. ಭಜ್ಜಿ, ಸಜ್ಜಿ ರೊಟ್ಟಿ ಯಾರು ಬಿಡುತ್ತಾರೆ? ಊಟವಾದ ಮೇಲೆ ಆ ಹಳೆಯ ಪಟ್ಟಿ ಅವನ ಕೈಗೆ ಕೊಡಿ: ಎಷ್ಟು ಚೀಲ, ಏನು ದರ, ಹಮಾಲಿಗೆ ಎಷ್ಟು ಹೋಯಿತು, ಕೈಗೆ ಎಷ್ಟು ಉಳಿಯಿತು. ಇದನ್ನೆಲ್ಲ ಇಟ್ಟುಕೊಂಡು ಒಂದು ಆಟ ಕಟ್ಟುವುದಾದರೆ ಹೇಗೆ ಕಟ್ಟುತ್ತೀ ಎಂದು ಕೇಳಿ. ನೆಟೆ ಇರಲಿ, ಚಿಗರಿ ಇರಲಿ, ಹೊತ್ತಿಗೆ ಸಿಗದ ಆಳೂ ಇರಲಿ. ಅವನು ಬರೆದರೆ ಮಕ್ಕಳ ಪುಟದಲ್ಲಿ ಅರ್ಧ ಪುಟ ಅವನದು. ಪಟ್ಟಿಯನ್ನೂ ಜತೆಗೆ ಕಳಿಸಲಿ, ಅಚ್ಚು ಹಾಕೋಣ. ಅಡತಿಯವರ (ದಲ್ಲಾಳಿಗಳ) ಹೆಸರು ಮಾತ್ರ ಅಳಿಸಿ ಕಳಿಸಲು ಹೇಳಿ. ಮುಂದಿನ ಹಂಗಾಮಿಗೆ ನೀವು ಚೀಲ ಇಳಿಸಬೇಕಾದದ್ದು ಅದೇ ಅಂಗಡಿಯಲ್ಲಿ.

— ಸಂಪಾದಕ